ಅಡ್ಮಿನ್‌ಗಳು ಮಾತ್ರ ಮಾತಾಡಬಹುದು

2025ರ ಮೇ ತಿಂಗಳಲ್ಲಿ ಚಂದಾಪುರದ ಪಕ್ಕದ ಸೂರ್ಯನಗರ ಇದ್ದಕ್ಕಿದ್ದಂತೆ ದೇಶದ ಸುದ್ದಿಯಾಯಿತು. ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಗ್ರಾಹಕರೊಬ್ಬರು ಕನ್ನಡದಲ್ಲಿ ಮಾತಾಡಿ ಎಂದು ಕೇಳಿದ್ದು, ಶಾಖಾ ವ್ಯವಸ್ಥಾಪಕರು ಹಿಂದಿಯಲ್ಲೇ ಮಾತಾಡುವುದೆಂದು ಪಟ್ಟು ಹಿಡಿದದ್ದು ಎರಡೂ ಮೊಬೈಲಿನಲ್ಲಿ ರೆಕಾರ್ಡ್ ಆಗಿ ಊರೂರು ಸುತ್ತಿದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಖಂಡಿಸಿದರು. ಬ್ಯಾಂಕು ಆ ಅಧಿಕಾರಿಯನ್ನು ವರ್ಗ ಮಾಡಿತು. ದೇಶದ ಎಲ್ಲ ಬ್ಯಾಂಕ್ ಸಿಬ್ಬಂದಿಗೂ ಸ್ಥಳೀಯ ಭಾಷೆ, ಸಂಸ್ಕೃತಿಯ ತರಬೇತಿ ಕಡ್ಡಾಯ ಮಾಡಿ ಎಂದು ಮುಖ್ಯಮಂತ್ರಿ ಕೇಂದ್ರ ಹಣಕಾಸು ಸಚಿವಾಲಯವನ್ನು ಒತ್ತಾಯಿಸಿದರು. ಕೌಂಟರಿನಲ್ಲಿ ಆಡಿದ ಮಾತು ದಿಲ್ಲಿ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಷ್ಟು ಬೇಗ ಮುಟ್ಟಿದ್ದು ಗ್ರಾಹಕರ ಕೈಯಲ್ಲಿ ಫೋನಿದ್ದದ್ದರಿಂದ. ಅದೇ ರಸ್ತೆಯ ಆಚೀಚೆ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾಂಪೌಂಡುಗಳೊಳಗೆ ದುಡಿಯುವ ಬಹಳ ಮಂದಿಯ ಫೋನು ಗೇಟಿನಲ್ಲೇ, ಸೆಕ್ಯುರಿಟಿ ಕೋಣೆಯ ಲಾಕರಿನಲ್ಲೇ ಉಳಿಯುತ್ತದೆ. ಒಳಗೆ ಯಾರು ಯಾರಿಗೆ ಏನು ಹೇಳಿದರು, ಎಂಥ ದನಿಯಲ್ಲಿ ಹೇಳಿದರು, ಯಾರು ಕೇಳಿಸಿಕೊಂಡೂ ಕೇಳಿಸದವರಂತಿದ್ದರು ಎಂಬುದಕ್ಕೆ ವಿಡಿಯೊ ಇಲ್ಲ. ಸಿಡಿದಾಗ ಮಾತ್ರ ಹೊರಗಿನವರಿಗೆ ಗೊತ್ತಾಗುತ್ತದೆ. ಈ ಭಾಗದಲ್ಲಿ ಹಾಗೆ ಸಿಡಿದದ್ದೂ ಉಂಟು.

ಹೊಸೂರು ರಸ್ತೆಯಿಂದ ಆನೇಕಲ್ಲಿಗೂ ದೊಮ್ಮಸಂದ್ರಕ್ಕೂ ದಾರಿ ಒಡೆಯುವುದು ಚಂದಾಪುರ ಸರ್ಕಲ್ಲಿನಲ್ಲಿ. ಬೆಳಕು ಹರಿಯುವ ಹೊತ್ತಿಗೇ ಅಲ್ಲಿ ಶಿಫ್ಟ್ ಬಸ್ಸುಗಳು ಸಾಲುಗಟ್ಟುತ್ತವೆ. ಗಾರ್ಮೆಂಟ್ಸ್‌ಗೆ ಹೋಗುವ ಆನೇಕಲ್ ಕಡೆಯ ಹೆಣ್ಣುಮಕ್ಕಳು, ಬಿಡಿಭಾಗದ ಕಂಪನಿಗಳಿಗೆ ಹೋಗುವ ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು, ಗಡಿ ದಾಟಿ ಹೊಸೂರಿಗೆ ಹೊರಟ ಐಟಿಐ ಓದಿದವರು, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬಿಗೆ ಕಾಯುವ ಐಡಿ ಕಾರ್ಡಿನವರು. ಇವರೆಲ್ಲ ಒಂದು ಫ್ಯಾಕ್ಟರಿಯ ಒಳಗೆ ಸೇರಿದರೆ ಆಪರೇಟರ್ ಒಡಿಯಾ, ಹೆಲ್ಪರ್ ಭೋಜಪುರಿ, ಸೂಪರ್‌ವೈಸರ್ ತಮಿಳು, ಕ್ವಾಲಿಟಿಯವರು ಕನ್ನಡ, ಎಚ್‌ಆರ್ ಇಂಗ್ಲಿಷ್. ನಡುವೆ ಎಲ್ಲರಿಗೂ ಅರ್ಧಂಬರ್ಧ ಗೊತ್ತಿರುವ ಒಂದು ಕಲಬೆರಕೆ ಹಿಂದಿ. ಡೈ ಬದಲಿಸು, ಪೀಸ್ ಎಣಿಸು, ಮಷಿನ್ ನಿಲ್ಲಿಸು ಎಂಬಷ್ಟಕ್ಕೆ ಅದು ಧಾರಾಳವಾಗಿ ಸಾಕು. ‘ಹೋದ ತಿಂಗಳ ಓಟಿ ಯಾಕೆ ಕಡಿಮೆ ಬಂದಿದೆ’ ಎಂದು ಕೇಳುವುದಕ್ಕೆ ಸಾಲದು.

ಕಾನೂನು ಮಾಡಿದವರಿಗೆ ಈ ಸಮಸ್ಯೆ ಗೊತ್ತಿಲ್ಲದೆ ಇರಲಿಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಲ್ಲೇ ಕೆಲಸದ ನಿಯಮಗಳನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬರೆಸಿ, ಅವರು ಒಳಬರುವ ಬಾಗಿಲ ಬಳಿ ಫಲಕದಲ್ಲಿ ಹಾಕಬೇಕು ಎಂದಿತ್ತು. 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ಕೂಡ ನೋಟಿಸುಗಳ ಬಗ್ಗೆ ಅದನ್ನೇ ಹೇಳಿತು. ಆಗಿನವರ ಕಣ್ಣ ಮುಂದೆ ಇದ್ದದ್ದು ಒಂದೂರಿನ, ಹೆಚ್ಚುಕಡಿಮೆ ಒಂದೇ ಭಾಷೆಯ ಗಿರಣಿ. ‘ಬಹುಪಾಲು’ ಎಂಬುದೇ ಇಲ್ಲದ ಫ್ಯಾಕ್ಟರಿ ಬರುತ್ತದೆಂದು ಅವರು ಎಣಿಸಿರಲಿಕ್ಕಿಲ್ಲ. ಹಾಗಾಗಿ ಫಲಕವೇನೋ ಇರುತ್ತದೆ, ಗಾಜಿನ ಹಿಂದೆ, ಬೀಗ ಹಾಕಿಕೊಂಡು. ಅದರ ಮುಂದೆ ನಿಂತು ಪೂರ್ತಿ ಓದಿದವರನ್ನು ಹುಡುಕಬೇಕು.

ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾಲದಲ್ಲಿ ಮಾತಿಗೆ ಬೇರೆ ದಾರಿಗಳಿದ್ದವು. ಸೈರನ್ ಕೂಗಿದರೆ ಅರ್ಧ ಬಡಾವಣೆಗೆ ಹೊತ್ತು ಗೊತ್ತಾಗುತ್ತಿತ್ತು. ಆಡಳಿತದ ಸುತ್ತೋಲೆ ಮೇಲಿಂದ ಬಂದರೆ, ಯೂನಿಯನ್ನಿನ ಕರಪತ್ರ ಕೆಳಗಿಂದ ಹೋಗುತ್ತಿತ್ತು. ಶಿಫ್ಟ್ ಬಿಡುವ ಹೊತ್ತಿಗೆ ಗೇಟ್ ಮೀಟಿಂಗ್. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ಹೂಡಿದಾಗ, ಅಷ್ಟು ದೊಡ್ಡ ಜನಸಮೂಹವನ್ನು ಒಟ್ಟಿಗೆ ಹಿಡಿದದ್ದರಲ್ಲಿ ಇಂಥ ಗೇಟ್ ಮೀಟಿಂಗ್‌ಗಳ ಪಾಲು ದೊಡ್ಡದು. ಆ ಕಾಲವನ್ನು ಹೊಗಳಿ ಕೂರಬೇಕಾಗಿಲ್ಲ. ಆ ಮೀಟಿಂಗ್‌ಗಳಲ್ಲೂ ಮೈಕು ಕೆಲವರ ಕೈಯಲ್ಲೇ ಇರುತ್ತಿತ್ತು, ಹೆಂಗಸರ ಕೈಗೆ ಬಂದದ್ದು ಅಪರೂಪ. ಆದರೂ ಕೆಳಗಿನ ಮಾತು ಮೇಲೆ ಹೋಗಲು ಎಲ್ಲರಿಗೂ ಗೊತ್ತಿದ್ದ ಒಂದು ದಾರಿ ಇತ್ತು.

ಅಷ್ಟರಲ್ಲಿ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡ ತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆ ಎತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಉಪಗ್ರಹ ಡಿಶ್‌ನ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಸಾಗಿದ ಕತೆ ಈಗ ದಂತಕತೆಯಂತಾಗಿದೆ. ಗಾಡಿ ತಲುಪಿದ ಮೇಲೆ ಬೆಂಗಳೂರಿನ ಎಂಜಿನಿಯರ್ ಅಮೆರಿಕದ ಸಹೋದ್ಯೋಗಿಯ ಜೊತೆ ನೇರ ಕೆಲಸ ಮಾಡತೊಡಗಿದ. ಸಾವಿರಾರು ಮೈಲಿಯ ದೂರ ಹೀಗೆ ನೀಗಿತು. ಸೂಪರ್‌ವೈಸರ್‌ಗೂ ಹೊಲಿಗೆ ಮಷಿನ್ನಿಗೂ ನಡುವಿನ ನಾಲ್ಕು ಅಡಿ ಮಾತ್ರ ಇದ್ದ ಹಾಗೇ ಉಳಿಯಿತು.

ಆ ನಾಲ್ಕು ಅಡಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ ಕಂಡಿತು. ಕೇಂದ್ರ ಸರ್ಕಾರ ಆ ವರ್ಷ ಫೆಬ್ರುವರಿ 10ರಂದು ಭವಿಷ್ಯನಿಧಿಯ ನಿಯಮ ತಿದ್ದಿತ್ತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣ ತೆಗೆದುಕೊಳ್ಳಬಹುದು, ಮಾಲೀಕರ ಪಾಲು ಮಾತ್ರ 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಎಂಬುದು ಅದರ ತಿರುಳು. ಗಾರ್ಮೆಂಟ್ಸ್‌ನಲ್ಲಿ ಪಿಎಫ್ ಎಂದರೆ ಮುಪ್ಪಿನ ಉಳಿತಾಯ ಅಲ್ಲವೇ ಅಲ್ಲ. ಮಗಳ ಮದುವೆ, ಮಗನ ಫೀಸು, ಕೈಸಾಲದ ಬಡ್ಡಿ ಮುಂದೆ ಬಂದು ನಿಂತಾಗ ಒಂದು ಕಂಪನಿ ಬಿಟ್ಟು, ಪಿಎಫ್ ಬಿಡಿಸಿಕೊಂಡು, ಇನ್ನೊಂದಕ್ಕೆ ಸೇರುವುದು ಅಲ್ಲಿನ ಲೆಕ್ಕಾಚಾರ. 58ರವರೆಗೆ ಆ ಕುರ್ಚಿಯಲ್ಲಿ ಕೂತು ಹೊಲಿಯುವವರು ಎಷ್ಟು ಮಂದಿ? ಸೊಂಟ, ಕಣ್ಣು ಅಷ್ಟು ದಿನ ಬಿಡುವುದಿಲ್ಲ.

ಅಧಿಸೂಚನೆ ಹೊರಬಿದ್ದದ್ದು ಗೆಜೆಟ್ಟಿನ ಹಿಂದಿ, ಇಂಗ್ಲಿಷಿನಲ್ಲಿ. ಬಿಡಿಸಿ ಹೇಳಲು ಎರಡು ತಿಂಗಳಿಗೂ ಹೆಚ್ಚು ಸಮಯವಿತ್ತು. ಆದರೂ ಲೈನಿನಲ್ಲಿ ಕೂತವರಿಗೆ ವಿಷಯ ತಲುಪಿದ್ದು ಪತ್ರಿಕೆಯ ಸುದ್ದಿಯಾಗಿ, ಪಕ್ಕದ ಮಷಿನ್ನಿನವಳ ಬಾಯಿಮಾತಾಗಿ. ಹಾಗೆ ಬಂದ ಮಾತಿನಲ್ಲಿ ‘ಮಾಲೀಕರ ಪಾಲು’ ಎಂಬುದು ಎಲ್ಲೋ ಉದುರಿತು, ‘ನಮ್ಮ ಪಿಎಫ್ ದುಡ್ಡೇ ಸಿಗಲ್ವಂತೆ’ ಎಂಬುದು ಉಳಿಯಿತು. ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಮುಂದಾಳು ಇಲ್ಲ, ಯೂನಿಯನ್ ಬಾವುಟ ಇಲ್ಲ, ಮಾತುಕತೆಗೆ ಯಾರನ್ನು ಕರೆಯಬೇಕೆಂದು ಪೊಲೀಸರಿಗೂ ತಿಳಿಯಲಿಲ್ಲ. ಬೊಮ್ಮನಹಳ್ಳಿಯಲ್ಲಿ ಶುರುವಾದದ್ದು ಜಾಲಹಳ್ಳಿ, ಪೀಣ್ಯದವರೆಗೆ ಹಬ್ಬಿತು. ಎರಡನೆಯ ದಿನ ಚಂದಾಪುರಕ್ಕೆ ಸ್ವಲ್ಪವೇ ಮುಂಚೆ ಸಿಗುವ ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಬಳಿ ವಾಹನಗಳಿಗೆ ಬೆಂಕಿ ಬಿತ್ತು. ಲಾಠಿ, ಅಶ್ರುವಾಯು ಎಲ್ಲವೂ ಆಯಿತು. ಅದೇ ಸಂಜೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂತೆಗೆದುಕೊಂಡಿರುವುದಾಗಿ ಹೇಳಿದರು.

ಇದನ್ನು ವದಂತಿಯ ಫಲ ಎಂದು ತಳ್ಳಿಹಾಕುವುದು ಸುಲಭ. ಆದರೆ ದುಡ್ಡಿಗೆ ಬೀಗ ಬೀಳುತ್ತಿದ್ದದ್ದು ನಿಜವಾಗಿತ್ತು. ತಪ್ಪಾಗಿ ಹರಡಿದ್ದು ಎಷ್ಟು ದುಡ್ಡಿಗೆ ಎಂಬುದಷ್ಟೇ. ಕನ್ನಡದಲ್ಲಿ ಒಂದು ಪುಟದ ಚೀಟಿ ಕೊಟ್ಟು, ಊಟದ ಬಿಡುವಿನಲ್ಲಿ ಪ್ರಶ್ನೆ ಕೇಳಲು ಬಿಟ್ಟಿದ್ದರೆ ಸಿಟ್ಟು ಪೂರ್ತಿ ಇಳಿಯುತ್ತಿರಲಿಲ್ಲ, ಬೆಂಕಿಯವರೆಗೆ ಹೋಗುವುದು ಬಹುಶಃ ತಪ್ಪುತ್ತಿತ್ತು.

ನಾಲ್ಕು ವರ್ಷದ ಮೇಲೆ ಪಕ್ಕದ ಕೋಲಾರ ಜಿಲ್ಲೆಯಲ್ಲಿ ಇಂಥದ್ದೇ ಇನ್ನೊಂದಾಯಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಐಫೋನ್ ಘಟಕದಲ್ಲಿ ರಾತ್ರಿ ಪಾಳಿ ಮುಗಿಸಿದವರು ಗಾಜು, ಯಂತ್ರ, ವಾಹನ ಎನ್ನದೆ ಒಡೆದರು. ಎಂಜಿನಿಯರಿಂಗ್ ಓದಿದವರಿಗೆ 21 ಸಾವಿರ ಎಂದು ಹೇಳಿ ಕೊಟ್ಟದ್ದು ಅದಕ್ಕಿಂತ ಎಷ್ಟೋ ಕಡಿಮೆ ಎಂಬ ದೂರು ಪತ್ರಿಕೆಗಳಲ್ಲಿ ಬಂತು. ಕಾರ್ಖಾನೆ ಇಲಾಖೆ ತನಿಖೆ ಮಾಡಿದಾಗ ಹೊರಬಂದದ್ದು ಹೆಚ್ಚುಕಡಿಮೆ ಸಂವಹನ ಕೆಟ್ಟ ಕತೆಯೇ: ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲಿ 5 ಸಾವಿರದಿಂದ 10,500ಕ್ಕೆ ಏರಿತ್ತು, ಹಾಜರಾತಿಯ ಹೊಸ ವ್ಯವಸ್ಥೆ ಕೆಟ್ಟು ಕೂತಿತ್ತು, ಪಾಳಿ ಎಂಟರಿಂದ ಹನ್ನೆರಡು ಗಂಟೆಗೆ ಬದಲಾಗಿ ಓಟಿ ಲೆಕ್ಕ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಕಾನೂನು ಬಲ್ಲ ಎಚ್‌ಆರ್ ಸಿಬ್ಬಂದಿ ಸಾಲದಾಗಿದ್ದರು. ಕಾರ್ಮಿಕರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಕಡಿಮೆ ಬಂದರೆ ಏಜೆನ್ಸಿಯವರು ಕಂಪನಿ ಕಡೆ, ಕಂಪನಿಯವರು ಏಜೆನ್ಸಿ ಕಡೆ ಕೈ ತೋರಿಸುತ್ತಾರೆ. ಆಪಲ್ ತನ್ನ ಈ ಸರಬರಾಜುದಾರನನ್ನು ನಿಗಾದಲ್ಲಿಟ್ಟಿತು, ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷನನ್ನು ಕೆಲಸದಿಂದ ತೆಗೆಯಿತು. 2023ರಲ್ಲಿ ಘಟಕವೇ ಟಾಟಾ ಪಾಲಾಯಿತು.

ಹಾಗಾದರೆ ಕೇಳಿಸಿಕೊಂಡರೆ ಏನಾಗುತ್ತದೆ? ಇದಕ್ಕೆ ಉತ್ತರವೂ ಗಾರ್ಮೆಂಟ್ಸ್‌ನಿಂದಲೇ ಸಿಕ್ಕಿದೆ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ಅನಂತ್ ನೈಷಧಮ್ ಮತ್ತು ಸಂಗಡಿಗರು ಉಡುಪು ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್ ಜೊತೆ ಸೇರಿ ವರ್ಷಗಟ್ಟಲೆ ಪ್ರಯೋಗ ನಡೆಸಿದ್ದಾರೆ. ಒಂದು ಪ್ರಯೋಗದಲ್ಲಿ ಬೆಂಗಳೂರಿನ ಐದು ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ ಮಾತಾಡುವುದು, ಸಮಯ ಹೊಂದಿಸುವುದು, ತೊಡಕು ಬಿಡಿಸುವುದು ಇಂಥದ್ದರಲ್ಲಿ ತರಬೇತಿ ಕೊಟ್ಟರು. ಅಮೆರಿಕದ ಗ್ಯಾಪ್ ಕಂಪನಿ ರೂಪಿಸಿದ್ದ ಕಾರ್ಯಕ್ರಮ ಅದು. ಉತ್ಪಾದನೆ ಏರಿತು. ತರಬೇತಿ ಮುಗಿದ ಎಂಟು ತಿಂಗಳಿಗೆ ಲೆಕ್ಕ ಹಾಕಿದರೆ ಕಂಪನಿಗೆ ಹಾಕಿದ ಹಣದ ಸುಮಾರು ಎರಡೂವರೆ ಪಟ್ಟು ನಿವ್ವಳ ಲಾಭ. ಕಲಿತವರ ಸಂಬಳ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ತರಬೇತಿ ವಿಭಾಗಗಳು ತೋರಿಸುವ ಸ್ಲೈಡುಗಳಲ್ಲಿ ಮೊದಲ ಅರ್ಧವೇ ದೊಡ್ಡ ಅಕ್ಷರದಲ್ಲಿರುತ್ತದೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಸರಳ. 12 ಕಾರ್ಖಾನೆಗಳಲ್ಲಿ ಸಂಬಳ ಏರಿಕೆ ಕಾರ್ಮಿಕರು ಎಣಿಸಿದ್ದಕ್ಕಿಂತ ಕಡಿಮೆ ಬಂತು. ಆಗ ಸುಮಾರು 2 ಸಾವಿರ ಮಂದಿಯಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹೆಸರು ಬರೆಯಬೇಕಾಗಿಲ್ಲ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ನಿಮಗೆ ತೃಪ್ತಿ ಇದೆಯೇ ಎಂದು ಕೇಳಿದರು. ಸಂಬಳ ಒಂದು ರೂಪಾಯಿ ಹೆಚ್ಚಲಿಲ್ಲ. ಆದರೂ ಹೀಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವ ಸಾಧ್ಯತೆ ಶೇ 20ರಷ್ಟು ಕಡಿಮೆಯಾಯಿತು. ಹೆಚ್ಚು ನಿರಾಶರಾಗಿದ್ದವರಲ್ಲೇ ಈ ಪರಿಣಾಮ ಹೆಚ್ಚು. ಇದನ್ನು ಎರಡು ಥರ ಓದಬಹುದು. ದುಡ್ಡು ಕೊಡದೆ ಬರೀ ಕಿವಿ ಕೊಟ್ಟರೆ ಸಾಕು ಎಂದು ಜಾಣ ಮ್ಯಾನೇಜರ್ ಓದಿಯಾನು. ಎಷ್ಟು ಕಾಲದಿಂದ ಯಾರೂ ಏನೂ ಕೇಳಿರಲಿಲ್ಲ ಎಂಬುದು ಇದರಲ್ಲಿ ಕಾಣುತ್ತದೆ ಎಂದು ಓದುವುದೇ ಹೆಚ್ಚು ಸರಿ.

ಬೊಮ್ಮಸಂದ್ರದಲ್ಲೇ ಬೇರೆ ಥರದ ಉದಾಹರಣೆಯೊಂದಿದೆ. ಡಾ. ದೇವಿ ಶೆಟ್ಟಿ ಕಟ್ಟಿದ ನಾರಾಯಣ ಹೃದಯಾಲಯದಲ್ಲಿ, ಹಿಂದಿನ ದಿನದ ಆದಾಯ, ಖರ್ಚು, ಉಳಿತಾಯದ ಲೆಕ್ಕ ಪ್ರತಿ ಮಧ್ಯಾಹ್ನ ಡಾಕ್ಟರುಗಳ ಮೊಬೈಲಿಗೆ ಎಸ್‌ಎಂಎಸ್ ಆಗಿ ಹೋಗುತ್ತಿತ್ತು. ತಿಂಗಳ ಕೊನೆಗೆ ಲೆಕ್ಕ ನೋಡುವುದು ಮರಣೋತ್ತರ ಪರೀಕ್ಷೆ, ದಿನಾ ನೋಡಿದರೆ ರೋಗ ಪತ್ತೆ ಎಂಬುದು ಶೆಟ್ಟರ ವಿವರಣೆ. ಮಾಲೀಕರ ಕೋಣೆಯ ಗುಟ್ಟಾಗಿ ಉಳಿಯುವ ಅಂಕಿಗಳನ್ನು ಆಪರೇಷನ್ ಮಾಡುವವರ ಕೈಗೇ ಕೊಟ್ಟದ್ದು ಇಲ್ಲಿನ ವಿಶೇಷ. ಒಂದು ಹೊಲಿಗೆಗೆ ಯಾವ ದಾರ ಬಳಸಬೇಕು, ಅದರ ಬೆಲೆ ಎಷ್ಟು ಎಂದು ಯೋಚಿಸುವುದು ಆಗ ಬರೀ ಲೆಕ್ಕಪತ್ರದವರ ಕೆಲಸವಾಗಿ ಉಳಿಯುವುದಿಲ್ಲ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಾಗಲಿಲ್ಲ, ಎಸ್‌ಎಂಎಸ್ ಸಾಕಾಯಿತು.

ಈಗ ಎಸ್‌ಎಂಎಸ್ ಜಾಗಕ್ಕೆ ವಾಟ್ಸ್‌ಆಪ್ ಬಂದಿದೆ. ಫ್ಯಾಕ್ಟರಿ, ಆಸ್ಪತ್ರೆ, ಹೌಸ್‌ಕೀಪಿಂಗ್ ಏಜೆನ್ಸಿ, ಡೆಲಿವರಿ ಹಬ್, ಎಲ್ಲಿ ನೋಡಿದರೂ ಗ್ರೂಪು. ಶನಿವಾರ ರಾತ್ರಿ ಹತ್ತಕ್ಕೆ ‘ನಾಳೆ ಸಂಡೇ ಡ್ಯೂಟಿ ಇದೆ, ಎಲ್ಲರೂ ಕಂಪಲ್ಸರಿ’ ಎಂಬ ಸಂದೇಶ ಬೀಳುತ್ತದೆ. ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಓದು ಬಾರದವರಿಗೆ ವಾಯ್ಸ್ ನೋಟ್ ಇರುವುದು ದೊಡ್ಡ ಅನುಕೂಲ, ಇದನ್ನು ಒಪ್ಪಲೇಬೇಕು. ಸುತ್ತೋಲೆ ಓದಲಾಗದ ಮಹಿಳೆಗೆ ಈಗ ಆದೇಶ ಕಿವಿಗೇ ಬರುತ್ತದೆ. ಆದರೆ ಯಾರೋ ಒಬ್ಬಳು ‘ಸಾರ್, ಹೋದ ವಾರದ ಸಂಡೇ ದುಡ್ಡು ಇನ್ನೂ ಬಂದಿಲ್ಲ’ ಎಂದು ಗ್ರೂಪಿನಲ್ಲಿ ಹಾಕಿದರೆ ಏನಾಗುತ್ತದೆ? ಮರುದಿನ ಸೆಟ್ಟಿಂಗ್ ಬದಲಾಗುತ್ತದೆ: ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು. ಅಲ್ಲಿಗೆ ಅದು ಗಾಜಿನ ಹಿಂದಿನ ಅದೇ ಹಳೆಯ ನೋಟಿಸ್ ಬೋರ್ಡ್, ವ್ಯತ್ಯಾಸ ಏನೆಂದರೆ ಈಗ ಅದು ಮನೆಯೊಳಗೂ ಬಂದು ತೂಗಾಡುತ್ತದೆ.

ಎಲೆಕ್ಟ್ರಾನಿಕ್ ಸಿಟಿಯ ಎಸಿ ಕೋಣೆಗಳಲ್ಲಿ ಇದರ ಉಲ್ಟಾ ಎಂದು ಕಾಣುತ್ತದೆ. ಅಲ್ಲಿ ಬಾಸ್‌ನನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಏಕವಚನದ ಗದರಿಕೆ ಇಲ್ಲ, ಮಾತಿಗೆ ಬರವಿಲ್ಲ. ಬರವಿಲ್ಲದ್ದೇ ಅಲ್ಲಿನ ಕಷ್ಟ. ಮೈಕ್ರೋಸಾಫ್ಟ್ ತನ್ನ ಬಳಕೆದಾರರ ಜಾಗತಿಕ ಮಾಹಿತಿ ಸೋಸಿ 2025ರಲ್ಲಿ ಹೇಳಿದ ಪ್ರಕಾರ ಒಬ್ಬ ನೌಕರನಿಗೆ ದಿನಕ್ಕೆ ಸರಾಸರಿ 117 ಇಮೇಲ್, 153 ಟೀಮ್ಸ್ ಸಂದೇಶ ಬರುತ್ತವೆ. ಕೆಲಸದ ಹೊತ್ತಿನಲ್ಲಿ ಎರಡು ನಿಮಿಷಕ್ಕೊಮ್ಮೆ ಏನಾದರೊಂದು ಅಡ್ಡ ಬರುತ್ತದೆ. ಈ ಅಂಕಿ ಕೊಟ್ಟವರೇ ಟೀಮ್ಸ್ ಮಾರುವವರು ಎಂಬುದು ಬೇರೆ ಮಾತು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ ಮಲೆನಾಡಿನ ಅಟ್ಟದ ಮೇಲೆ ನೆಟ್‌ವರ್ಕ್ ಹುಡುಕಿದವರು ಈಗ ಅರ್ಧ ವಾರ ಕಚೇರಿಗೆ ಮರಳಿದ್ದಾರೆ. ಆದರೆ ಕಚೇರಿಗೆ ಬಂದೂ ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಮಹಡಿಯವರ ಜೊತೆ ವಿಡಿಯೊ ಕಾಲ್‌ನಲ್ಲೇ ಮಾತಾಡುತ್ತಾರೆ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಬಂದ ಮೇಲೆ ಅದರೊಳಗೂ ಕಾಲ್ ಶುರುವಾಗಿದೆ.

ಇಷ್ಟು ಮಾತಿನ ನಡುವೆ ಸೂಚನೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. 2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ ಸಂಸ್ಥಾಪಕ ನಾರಾಯಣ ಮೂರ್ತಿ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರಲ್ಲಿ ಅದೇ ಕಂಪನಿಯ ಎಚ್‌ಆರ್, ಮನೆಯಿಂದ ಕೆಲಸ ಮಾಡುವ ದಿನ ಒಂಬತ್ತು ಕಾಲು ಗಂಟೆ ಮೀರಿದ ನೌಕರರಿಗೆ ಆರೋಗ್ಯ ನೋಡಿಕೊಳ್ಳಿ ಎಂಬ ಮೇಲ್ ಕಳಿಸುತ್ತಿದೆ ಎಂದು ಪತ್ರಿಕೆಗಳಲ್ಲಿ ಬಂತು. ಈ ಎರಡರ ನಡುವೆ ಎಂಜಿನಿಯರ್ ಯಾರ ಮಾತು ಕೇಳಬೇಕು? ಬಹುಪಾಲು ಮಂದಿ ಕೇಳುವುದು ಮೂರನೆಯವರ ಮಾತನ್ನು, ಅಮೆರಿಕದ ಕ್ಲೈಂಟ್ ಹೇಳಿದ್ದನ್ನು. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ನಮ್ಮಲ್ಲಿ ಸುಪ್ರಿಯಾ ಸುಳೆ ಅವರು ಲೋಕಸಭೆಯಲ್ಲಿ ತಂದ ಖಾಸಗಿ ಮಸೂದೆಗಳ ಆಚೆ ಅದು ಇನ್ನೂ ಹೋಗಿಲ್ಲ.

ಈಚೆಗಂತೂ ಮೇಲ್ ಬರೆಯುವುದು ಎಐ, ಬಂದ ಮೇಲ್‌ನ ಸಾರ ತೆಗೆದು ಕೊಡುವುದೂ ಎಐ. ಎರಡು ಸಾಲಿನ ವಿಷಯ ಆ ಕಡೆ ಎರಡು ಪುಟವಾಗಿ ಹೊರಟು ಈ ಕಡೆ ಮತ್ತೆ ಎರಡು ಸಾಲಾಗುತ್ತದೆ. ಇದೇ ತಂತ್ರಜ್ಞಾನ ಬೊಮ್ಮಸಂದ್ರದ ಒಡಿಯಾ ಹುಡುಗನ ಪಗಾರ ಚೀಟಿಯನ್ನು ಒಡಿಯಾದಲ್ಲಿ, ಆನೇಕಲ್ ಹೆಂಗಸಿನ ಪಿಎಫ್ ನಿಯಮವನ್ನು ಕನ್ನಡದಲ್ಲಿ ಓದಿ ಹೇಳಬಲ್ಲದು. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರಿಂದಲೇ ಇಂಥ ಅನುವಾದಕ್ಕೆ ಇದೆ. ಫ್ಯಾಕ್ಟರಿಗಳು ಹಾಜರಾತಿಗೆ ಮುಖ ಗುರುತಿಸುವ ಯಂತ್ರ ತಂದಷ್ಟು ಆಸಕ್ತಿಯಿಂದ ಇದನ್ನು ತಂದಿಲ್ಲ.

ಐಟಿಯವರಿಗೆ ಮಾತು ಹೇರಳ, ಆದರೆ ಮೇಲಕ್ಕೆ ಹೋಗುವ ದಾರಿ ಅವರಿಗೂ ಅಷ್ಟೇ ಕಿರಿದು. ಕರ್ನಾಟಕದ ಐಟಿ, ಬಿಪಿಒ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತಲೇ ಬಂತು. 2024ರ ಜೂನ್‌ನಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಿತು. ಬಿಟ್ಟಿ ವಿನಾಯಿತಿಯಲ್ಲ, ಷರತ್ತುಗಳಿದ್ದವು. ಆಡಳಿತ ಮತ್ತು ನೌಕರರ ಸಮಸಂಖ್ಯೆಯ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ವಿನಾಯಿತಿ ರದ್ದಾಗಲಿ ಎಂದು ನೌಕರರ ಸಂಘ ಕಿಟು ಬೀದಿಗಿಳಿದದ್ದುಂಟು, ಸರ್ಕಾರ ಕಿವುಡಾಯಿತು.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಲೇಬೇಕು. ಸದಸ್ಯರು ಹತ್ತು ಮೀರುವಂತಿಲ್ಲ, ಅರ್ಧ ಮಂದಿ ಕಾರ್ಮಿಕರ ಕಡೆಯವರು, ಕೆಲಸ ಮಾಡುವ ಹೆಂಗಸರ ಪ್ರಮಾಣಕ್ಕೆ ತಕ್ಕಂತೆ ಮಹಿಳಾ ಸದಸ್ಯರು. ದೂರು ಬಂದ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ಬೊಮ್ಮಸಂದ್ರದ ಶೆಡ್ಡಿನಲ್ಲಿರಲಿ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದಲ್ಲಿರಲಿ, ನಿಮ್ಮ ಸಂಸ್ಥೆಯಲ್ಲಿ ಆ ಸಮಿತಿಯ ಸದಸ್ಯರು ಯಾರೆಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಸೋಮವಾರ ಎಚ್‌ಆರ್‌ನವರನ್ನು ಕೇಳಿ, ಪಟ್ಟಿಯನ್ನು ನಿಮಗೆ ಓದಲು ಬರುವ ಭಾಷೆಯಲ್ಲೇ ಕೇಳಿ ಪಡೆಯಿರಿ.